ನಲವತ್ತು ಸರ್ವರ್‌ಗೆ ಎಷ್ಟು ಪ್ರೊಸೆಸರ್ ಬೇಕು?

ಹೋದ ಸೆಮಿಸ್ಟರ್‌ನಲ್ಲಿ ಫಸ್ಟ್ ಇಯರ್ ಜೂನಿಯರ್ಸ್‌ಗೆ ಒಂದು ಕೋಡಿಂಗ್ ಕಾಂಟೆಸ್ಟ್ ಮಾಡಿದ್ವಿ, ನೆನಪಿದೆಯಾ? ಅದರ ಸರ್ವರ್ ನೋಡ್ಕೊಳ್ಳೋ ಕೆಲಸ ನಂದು. ಲ್ಯಾಬ್‌ನಲ್ಲಿ 16 ಕೋರ್ ಇರೋ ಒಂದು ಮೆಷಿನ್ ಇತ್ತು. ಅದರಲ್ಲಿ 30 ವರ್ಚುವಲ್ ಮೆಷಿನ್ ಮಾಡಿ, ಧಾರಾಳವಾಗಿ ಇರಲಿ ಅಂತ ಒಂದೊಂದಕ್ಕೂ 4 ವರ್ಚುವಲ್ ಸಿಪಿಯು ಕೊಟ್ಟೆ. ಹಿಂದಿನ ವಾರ ಟಾಪ್ ಕಮಾಂಡ್ ಹಾಕಿ ನೋಡಿದ್ದೆ, ಮೆಷಿನ್ 8 ಪರ್ಸೆಂಟ್ ಕೂಡ ಬಳಕೆ ಆಗ್ತಿರಲಿಲ್ಲ. ಆರಾಮಾಗಿ ಮಲಗಿದೆ ಅಂದ್ಕೊಂಡೆ.

ಕಾಂಟೆಸ್ಟ್‌ನ ಕೊನೆಯ ಹತ್ತು ನಿಮಿಷದಲ್ಲಿ ಎಲ್ಲರೂ ಒಟ್ಟಿಗೆ ಸಬ್ಮಿಟ್ ಒತ್ತಿದ್ರು. ಮೆಷಿನ್ ಉಸಿರಾಡೋದನ್ನೇ ನಿಲ್ಲಿಸ್ತು. ಒಬ್ಬಳು ಜೂನಿಯರ್ ಬರೆದಿದ್ದ ಪ್ರೋಗ್ರಾಂ ಸರಿಯಾಗಿಯೇ ಇತ್ತು, ಆದ್ರೆ ಟೈಮ್ ಲಿಮಿಟ್ ಮೀರಿದೆ ಅಂತ ಉತ್ತರ ಬಂತು. ಅವಳು ನಾಲ್ಕನೇ ಸ್ಥಾನಕ್ಕೆ ಹೋದಳು. ಪ್ರೈಜ್ ಇದ್ದದ್ದು ಮೂರು ಜನಕ್ಕೆ. ತಪ್ಪು ಅವಳ ಕೋಡ್‌ನಲ್ಲಿ ಇರಲಿಲ್ಲ, ನನ್ನ ಲೆಕ್ಕದಲ್ಲಿ ಇತ್ತು. ನಿಜ ಹೇಳಬೇಕು ಅಂದ್ರೆ ನಾನು ಲೆಕ್ಕವನ್ನೇ ಹಾಕಿರಲಿಲ್ಲ.

ಅವತ್ತು ಜಡ್ಜ್ ಆಗಿ ಬಂದಿದ್ದ ನಮ್ಮ ಹಳೇ ಸೀನಿಯರ್ ಒಬ್ಬರು ಬೆಂಗಳೂರಿನಲ್ಲಿ ಮೇನ್‌ಫ್ರೇಮ್ ಮೇಲೆ ಕೆಲಸ ಮಾಡ್ತಾರೆ. "ಲೋ, ಒಂದೊಂದಕ್ಕೆ ನಾಲ್ಕು ಸಿಪಿಯು ಯಾಕೋ ಕೊಟ್ಟೆ?" ಅಂತ ಕೇಳಿದ್ರು. "ಸುಮ್ನೆ ಅಣ್ಣ, ಜಾಸ್ತಿ ಇದ್ರೆ ಒಳ್ಳೇದಲ್ವಾ" ಅಂದೆ. ಅವರು ನಕ್ಕರು. "ನಮ್ಮಲ್ಲಿ ಒಂದು ಕೋರ್ ಜಾಸ್ತಿ ಕೇಳಿದ್ರೆ ಯಾಕೆ ಅಂತ ಪೇಪರ್ ಮೇಲೆ ತೋರಿಸ್ಬೇಕು. ಹೋಗಿ ಮೇನ್‌ಫ್ರೇಮ್‌ನವರು ಲಿನಕ್ಸ್‌ಗೆ ಹೇಗೆ ಲೆಕ್ಕ ಹಾಕ್ತಾರೆ ಓದು" ಅಂದ್ರು. ಎರಡು ತಿಂಗಳು ಓದಿದೆ. ಈ ಲೇಖನ ಅದರ ಫಲ.

ಮೊದಲು ಮೇನ್‌ಫ್ರೇಮ್ ಬಗ್ಗೆ ಎರಡು ಮಾತು. ನಾನೂ ಅದನ್ನ ಮ್ಯೂಸಿಯಂ ವಸ್ತು ಅಂದ್ಕೊಂಡಿದ್ದೆ. ಐಬಿಎಂ ತನ್ನ ಸಿಸ್ಟಮ್/360 ಅನ್ನು ಘೋಷಿಸಿದ್ದು 1964ರಲ್ಲಿ. ಅದೇ ವಂಶದ ಮೆಷಿನ್‌ಗಳು ಇವತ್ತಿಗೂ ಬ್ಯಾಂಕ್‌ಗಳಲ್ಲಿ ಓಡ್ತಾ ಇವೆ. 2022ರಲ್ಲಿ ಬಂದ ಝಡ್16 ಮಾಡೆಲ್‌ನಲ್ಲಿ ಬಳಸಬಹುದಾದ ಕೋರ್‌ಗಳು 200ರವರೆಗೆ ಇರಬಹುದು, ವೇಗ 5.2 ಗಿಗಾಹರ್ಟ್ಸ್. ಇನ್ನು ವರ್ಚುವಲ್ ಮೆಷಿನ್ ಅಂದ್ರೆ ಕ್ಲೌಡ್ ಕಾಲದಲ್ಲಿ ಹುಟ್ಟಿದ್ದು ಅಂತ ನೀವು ಅಂದ್ಕೊಂಡಿದ್ರೆ, ಅದೂ ತಪ್ಪು. ಐಬಿಎಂನವರು 1960ರ ದಶಕದಲ್ಲೇ ಅದನ್ನ ಮಾಡಿ ನೋಡಿದ್ದರು, 1972ರಲ್ಲಿ ವಿಎಂ/370 ಅಂತ ಮಾರುಕಟ್ಟೆಗೂ ಬಿಟ್ಟರು. ಅದರ ಈಗಿನ ರೂಪವೇ ಝಡ್/ವಿಎಂ. 2000ದ ಹೊತ್ತಿಗೆ ಜರ್ಮನಿಯ ಬೋಬ್ಲಿಂಗನ್ ಲ್ಯಾಬ್‌ನವರು ಲಿನಕ್ಸನ್ನು ಈ ಮೆಷಿನ್‌ಗೆ ತಂದರು. ಒಂದೇ ಪೆಟ್ಟಿಗೆಯೊಳಗೆ ನೂರಾರು ಲಿನಕ್ಸ್ ಸರ್ವರ್ ಇಡೋ ದಾರಿ ಅಲ್ಲಿಂದ ತೆರೆಯಿತು.

ಆ ಸಮಯದಲ್ಲಿ ಒಂದು ಪ್ರಯೋಗ ತುಂಬಾ ಹೆಸರು ಮಾಡ್ತು. ಡೇವಿಡ್ ಬಾಯ್ಸ್ ಅನ್ನೋರು ಒಂದೇ ಮೇನ್‌ಫ್ರೇಮ್ ಮೇಲೆ 41,400 ಲಿನಕ್ಸ್‌ಗಳನ್ನು ಎಬ್ಬಿಸಿ ನಿಲ್ಲಿಸಿದ್ರು. ಓದಿದಾಗ ನನಗೆ ಮೈ ಜುಮ್ ಅಂತು. ಆಮೇಲೆ ಯೋಚನೆ ಮಾಡಿದೆ: ಅಷ್ಟೂ ಲಿನಕ್ಸ್‌ಗಳು ಎದ್ದು ನಿಂತವು ಸರಿ, ಎಲ್ಲವೂ ಒಟ್ಟಿಗೆ ಕೆಲಸ ಮಾಡಿದ್ರೆ? ಎಷ್ಟು ಗೆಸ್ಟ್‌ಗಳನ್ನು ಕೂರಿಸಬಹುದು ಅನ್ನೋದು ಒಂದು ಪ್ರಶ್ನೆ, ಎಷ್ಟು ಜನಕ್ಕೆ ಊಟ ಬಡಿಸಬಹುದು ಅನ್ನೋದು ಬೇರೆಯೇ ಪ್ರಶ್ನೆ. (ವರ್ಚುವಲ್ ಮೆಷಿನ್‌ಗೆ ಅವರು ಗೆಸ್ಟ್ ಅಂತಾರೆ, ಅಂದ್ರೆ ನೆಂಟರು. ನನಗೆ ಈ ಪದ ಇಷ್ಟ ಆಯ್ತು.)

ಮೇನ್‌ಫ್ರೇಮ್‌ನಲ್ಲಿ ಲಿನಕ್ಸ್‌ಗೆ ಅಂತಲೇ ಮಾರೋ ಪ್ರೊಸೆಸರ್‌ಗೆ ಐಎಫ್‌ಎಲ್ ಅಂತ ಹೆಸರು. ಚಿಪ್ ಬೇರೆ ಅಲ್ಲ, ಪಕ್ಕದ ಕೋರ್ ಹೇಗಿದೆಯೋ ಹಾಗೇ ಇರುತ್ತೆ. ಮೈಕ್ರೋಕೋಡ್‌ನಲ್ಲಿ ಮಾತ್ರ "ಇಲ್ಲಿ ಝಡ್/ಓಎಸ್ ಓಡಬಾರದು" ಅಂತ ಬೀಗ ಹಾಕಿರ್ತಾರೆ. ಹಾಗಾಗಿ ಝಡ್/ಓಎಸ್ ಲೈಸೆನ್ಸ್ ಶುಲ್ಕದ ಲೆಕ್ಕದಲ್ಲಿ ಇದು ಸೇರೋದಿಲ್ಲ, ಬೆಲೆಯೂ ಕಡಿಮೆ. ಆದ್ರೆ ಕಡಿಮೆ ಅಂದ್ರೆ ಪುಕ್ಕಟೆ ಅಲ್ಲ. ಐಎಫ್‌ಎಲ್ ಒಂದೊಂದನ್ನೇ ಎಣಿಸಿ ಕೊಳ್ಳಬೇಕು. ಅದರ ಮೇಲೆ ಓಡೋ ಝಡ್/ವಿಎಂ, ಡೇಟಾಬೇಸ್ ಇತ್ಯಾದಿಗಳ ಲೈಸೆನ್ಸ್ ಕೂಡ ಸಾಮಾನ್ಯವಾಗಿ ಕೋರ್ ಲೆಕ್ಕದಲ್ಲೇ ಇರುತ್ತೆ. ನಾಲ್ಕು ಸಾಕಾಗೋ ಕಡೆ ಎಂಟು ತಗೊಂಡ್ರೆ ದುಡ್ಡು ನೀರಿಗೆ ಹಾಕಿದ ಹಾಗೆ. ಎಂಟು ಬೇಕಾದ ಕಡೆ ನಾಲ್ಕು ತಗೊಂಡ್ರೆ ಸಂಬಳದ ದಿನ ಬ್ಯಾಂಕಿನ ಆಪ್ ಸುತ್ತುತ್ತಾ ಕೂರುತ್ತೆ.

ಹಾಗಾದ್ರೆ ಎಷ್ಟು ಬೇಕು? ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ನಾನೇ ಉದಾಹರಣೆಗೆ ಇಟ್ಟದ್ದು.

ಒಂದು ಸಂಸ್ಥೆಯಲ್ಲಿ 40 ಸಾಮಾನ್ಯ ಸರ್ವರ್‌ಗಳಿವೆ, ಒಂದೊಂದರಲ್ಲಿ 4 ಕೋರ್. ಒಟ್ಟು 160 ಕೋರ್. ಒಂದೊಂದರ ಸರಾಸರಿ ಬಳಕೆ 6 ಪರ್ಸೆಂಟ್, ಅಂದ್ರೆ 0.24 ಕೋರ್. ತುಂಬಾ ಬಿಸಿ ಇದ್ದಾಗ 70 ಪರ್ಸೆಂಟ್, ಅಂದ್ರೆ 2.8 ಕೋರ್. ಇವನ್ನೆಲ್ಲ ಮೇನ್‌ಫ್ರೇಮ್‌ಗೆ ಒಯ್ಯಬೇಕು. ಸುಲಭಕ್ಕೆ, ಸದ್ಯ ಹಳೇ ಕೋರ್ ಒಂದು ಅಂದ್ರೆ ಐಎಫ್‌ಎಲ್ ಒಂದು ಅಂತಲೇ ಇಟ್ಕೊಳ್ಳೋಣ.

ಸರಾಸರಿ ಕೂಡಿಸಿದ್ರೆ 40 × 0.24, ಅಂದ್ರೆ 9.6 ಕೋರ್. ಪೀಕ್ ಕೂಡಿಸಿದ್ರೆ 40 × 2.8, ಅಂದ್ರೆ 112 ಕೋರ್. ಒಂದು ಉತ್ತರ 10, ಇನ್ನೊಂದು 112! ಮೊದಲನೆಯದನ್ನ ನಂಬಿದ್ರೆ ದಿನದಲ್ಲಿ ಎಷ್ಟೋ ಹೊತ್ತು ಒದ್ದಾಟ. ಎರಡನೆಯದನ್ನ ನಂಬಿದ್ರೆ ಮೇನ್‌ಫ್ರೇಮ್‌ಗೆ ಬರೋ ಅರ್ಥವೇ ಇಲ್ಲ, ಯಾಕಂದ್ರೆ ಹಂಚಿಕೊಳ್ಳೋದರ ಲಾಭ ಏನೂ ಉಳಿಯಲ್ಲ.

ನಮ್ಮ ಹಾಸ್ಟೆಲ್ ನೆನೆಸಿಕೊಳ್ಳಿ. ಒಂದು ಫ್ಲೋರ್‌ನಲ್ಲಿ 60 ಜನ, 6 ಬಾತ್‌ರೂಮ್. ಯಾರೂ 60 ಬಾತ್‌ರೂಮ್ ಕಟ್ಟಿಸಲ್ಲ. ಒಬ್ಬ ಆರು ಗಂಟೆಗೆ ಏಳ್ತಾನೆ, ಒಬ್ಬ ಎಂಟೂವರೆಗೆ, ಒಬ್ಬ ಸ್ನಾನವನ್ನೇ ಮಾಡಲ್ಲ. ಆರರಲ್ಲಿ ನಡೆದು ಹೋಗುತ್ತೆ. ಪ್ರೊಬೆಬಿಲಿಟಿಯಲ್ಲಿ ನಾವು ಓದಿದ್ದು ಇದೇ. ಸ್ವತಂತ್ರವಾಗಿ ಏರಿಳಿಯೋ 40 ಸಂಗತಿಗಳನ್ನು ಕೂಡಿಸಿದ್ರೆ ಸರಾಸರಿ 40 ಪಟ್ಟು ಆಗುತ್ತೆ, ಸ್ಟ್ಯಾಂಡರ್ಡ್ ಡೀವಿಯೇಷನ್ ಮಾತ್ರ √40 ಪಟ್ಟು, ಅಂದ್ರೆ ಸುಮಾರು 6.3 ಪಟ್ಟು ಅಷ್ಟೇ. ಒಂದು ಸರ್ವರ್‌ನ ಡೀವಿಯೇಷನ್ 0.4 ಕೋರ್ ಅಂತ ಇಟ್ಕೊಂಡ್ರೆ ಒಟ್ಟು ಸುಮಾರು 2.5. ಸರಾಸರಿಗೆ ಅದರ ಮೂರು ಪಟ್ಟು ಸೇರಿಸಿದ್ರೆ ಹೆಚ್ಚುಕಡಿಮೆ 17 ಕೋರ್. 112 ಎಲ್ಲಿ, 17 ಎಲ್ಲಿ! ಎಂ-4 ಪೇಪರ್‌ನಲ್ಲಿ ಈ ಸೂತ್ರ ಬರೆದು ಮಾರ್ಕ್ಸ್ ತಗೊಂಡಿದ್ದೆ. ಅದಕ್ಕೆ ಇಷ್ಟು ಬೆಲೆ ಇದೆ ಅಂತ ಆಗ ಹೊಳೆದಿರಲಿಲ್ಲ.

ಆದ್ರೆ "ಸ್ವತಂತ್ರವಾಗಿ" ಅನ್ನೋ ಪದವನ್ನ ಸುಮ್ಮನೆ ದಾಟಿ ಹೋಗಬೇಡಿ. ಬೆಳಿಗ್ಗೆ ಎಂಟಕ್ಕೆ ಲ್ಯಾಬ್ ಇಂಟರ್ನಲ್ಸ್ ಇದ್ದ ದಿನ ಬಾತ್‌ರೂಮ್ ಮುಂದೆ ಏನಾಗುತ್ತೆ? ಬಕೆಟ್‌ಗಳ ಸಾಲು ಮೆಟ್ಟಿಲವರೆಗೆ. ಅವತ್ತು 60 ಜನ ಸ್ವತಂತ್ರರಲ್ಲ, ಎಲ್ಲರನ್ನೂ ಒಂದೇ ಗಡಿಯಾರ ಎಬ್ಬಿಸಿದೆ.

ಸರ್ವರ್‌ಗಳಿಗೂ ಇಂಥ ಗಡಿಯಾರಗಳಿವೆ. ಬೆಳಿಗ್ಗೆ ಹತ್ತಕ್ಕೆ ಆಫೀಸ್ ಲಾಗಿನ್. ತಿಂಗಳ ಒಂದನೇ ತಾರೀಕು. ರಿಸಲ್ಟ್ ಬಿಡೋ ಸಂಜೆ. ನಮ್ಮ 40ರಲ್ಲಿ 15 ಸರ್ವರ್‌ಗಳು ಒಂದನೇ ತಾರೀಕಿನ ಕೆಲಸಕ್ಕೆ ಸೇರಿದವು ಅಂದ್ಕೊಳ್ಳಿ. ಅವತ್ತು ಅವು ಹದಿನೈದೂ ಒಟ್ಟಿಗೆ ಪೀಕ್ ಮುಟ್ಟುತ್ತವೆ: 15 × 2.8, ಅಂದ್ರೆ 42 ಕೋರ್. ಉಳಿದ 25ಕ್ಕೆ ಸರಾಸರಿ 6, ಅವುಗಳ ಏರಿಳಿತಕ್ಕೆ ಇನ್ನೊಂದು 6. ಒಟ್ಟು 54. ಹದಿನೇಳು ಅಂತ ಬರೆದುಕೊಟ್ಟವನ ಕಥೆ ಮುಗೀತು.

ಹಾಗಾಗಿ ಅನುಭವಸ್ಥರು ಸರಾಸರಿಯನ್ನೂ ಕೂಡಿಸಲ್ಲ, ಪೀಕನ್ನೂ ಕೂಡಿಸಲ್ಲ. ಗಡಿಯಾರದ ಪ್ರಕಾರ ಕೂಡಿಸ್ತಾರೆ. ಎಲ್ಲ ಸರ್ವರ್‌ಗಳ ಬಳಕೆಯನ್ನು ಒಂದೇ ಸಮಯಕ್ಕೆ ಅಳೆದು, 10 ಗಂಟೆ 5 ನಿಮಿಷದ ಸಾಲಿನಲ್ಲಿ ನಲವತ್ತನ್ನೂ ಕೂಡಿಸು, 10 ಗಂಟೆ 10 ನಿಮಿಷದ ಸಾಲಿನಲ್ಲಿ ನಲವತ್ತನ್ನೂ ಕೂಡಿಸು, ಹೀಗೆ. ಕೊನೆಗೆ ಆ ಮೊತ್ತಗಳಲ್ಲಿ ಅತಿ ದೊಡ್ಡದು ಯಾವುದು ನೋಡು. ಒಂದು ವಾರ ಅಳೆದ್ರೆ ತಿಂಗಳ ಕೊನೆ ಸಿಗಲ್ಲ, ಒಂದು ತಿಂಗಳು ಅಳೆದ್ರೆ ವರ್ಷದ ಕೊನೆ ಸಿಗಲ್ಲ. ನಾನು ಟಾಪ್ ಹಾಕಿ ನೋಡಿದ್ದು ಒಂದು ಮಂಗಳವಾರ ಮಧ್ಯಾಹ್ನ. ಏನು ಹೇಳ್ಲಿ!

ಅಳೆಯೋ ಅಂತರ ಎಷ್ಟಿರಬೇಕು ಅನ್ನೋದರಲ್ಲೂ ಒಂದು ಮೋಸ ಇದೆ. ಲಿನಕ್ಸ್‌ನ ಸಾರ್ ಕಮಾಂಡ್ ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಬರೆದಿಡುತ್ತೆ. ಹತ್ತು ನಿಮಿಷದಲ್ಲಿ 50 ಪರ್ಸೆಂಟ್ ಅಂದ್ರೆ ಐದು ನಿಮಿಷ ಪೂರ್ತಿ ಉರಿದು ಐದು ನಿಮಿಷ ಸುಮ್ಮನೆ ಇದ್ದಿರಬಹುದು. ನಮ್ಮ ಕಾಂಟೆಸ್ಟ್‌ನ ಲಾಗ್ ತೆಗೆದು ನೋಡಿದೆ. ಅತಿ ಬಿಸಿ ನಿಮಿಷದಲ್ಲಿ 60 ಸಬ್ಮಿಷನ್ ಬಂದಿತ್ತು. ಕಂಪೈಲ್ ಮಾಡಿ ಎಲ್ಲ ಟೆಸ್ಟ್ ಕೇಸ್ ಓಡಿಸೋಕೆ ಒಂದಕ್ಕೆ ಸುಮಾರು 14 ಸೆಕೆಂಡ್ ಸಿಪಿಯು ಬೇಕು. 60 × 14 ಅಂದ್ರೆ 840 ಸೆಕೆಂಡ್. ಅದನ್ನ 60ರಿಂದ ಭಾಗಿಸಿದ್ರೆ 14 ಕೋರ್. ನಮ್ಮ ಹತ್ರ 16 ಇತ್ತಲ್ಲ, ಸಾಕಾಗಬೇಕಿತ್ತು! ಆಮೇಲೆ ಸೆಕೆಂಡ್ ಲೆಕ್ಕದಲ್ಲಿ ನೋಡಿದೆ. ಆ 60ರಲ್ಲಿ 35 ಬಂದಿದ್ದು ಮೊದಲ 20 ಸೆಕೆಂಡ್‌ನಲ್ಲೇ, ಕೆಲವರು ಗಾಬರಿಯಲ್ಲಿ ಎರಡೆರಡು ಸಲ ಒತ್ತಿದ್ದರು. 35 × 14 ÷ 20, ಅಂದ್ರೆ 24.5 ಕೋರ್. ಆ ಹುಡುಗಿಯ ಸಬ್ಮಿಷನ್ ಅದೇ 20 ಸೆಕೆಂಡ್‌ನಲ್ಲಿತ್ತು.

ಇನ್ನೊಂದು ವಿಷಯ: 24.5 ಬೇಕಾದ ಕಡೆ 16 ಇದ್ರೆ ಒದ್ದಾಟ ಅನ್ನೋದು ಯಾರಿಗಾದ್ರೂ ಗೊತ್ತಾಗುತ್ತೆ. 14 ಬೇಕಾದ ಕಡೆ ಸರಿಯಾಗಿ 14 ಇದ್ರೆ? ಅದೂ ಸಾಲದು. ಕ್ಯೂಯಿಂಗ್ ಥಿಯರಿಯ ಅತಿ ಸರಳ ಮಾದರಿಯಲ್ಲಿ, ಒಂದೇ ಪ್ರೊಸೆಸರ್ ಇದ್ದು ಅದರ ಬಳಕೆಯ ಭಾಗವನ್ನು ಯು ಅಂತ ಕರೆದ್ರೆ, ಒಂದು ಕೆಲಸ ಮುಗಿಯೋಕೆ ಹಿಡಿಯೋ ಸಮಯ 1 ÷ (1 − ಯು) ಪಟ್ಟು ಆಗುತ್ತೆ. 50 ಪರ್ಸೆಂಟ್‌ನಲ್ಲಿ 2 ಪಟ್ಟು, 80ರಲ್ಲಿ 5 ಪಟ್ಟು, 90ರಲ್ಲಿ 10, 95ರಲ್ಲಿ 20. ಕೊನೆಯ ಐದು ಪರ್ಸೆಂಟ್‌ಗೆ ಎಷ್ಟು ದಂಡ ನೋಡಿ. ಒಂದೇ ಸಾಲಿಗೆ ಎರಡು ಪ್ರೊಸೆಸರ್ ಇದ್ರೆ ಸೂತ್ರ 1 ÷ (1 − ಯು²), ಆಗ 90 ಪರ್ಸೆಂಟ್‌ನಲ್ಲೂ 5.3 ಪಟ್ಟು ಅಷ್ಟೇ. ಪ್ರೊಸೆಸರ್ ಹೆಚ್ಚಿದಷ್ಟೂ ಇನ್ನೂ ಒಳ್ಳೇದು. ಹತ್ತು ಸಣ್ಣ ಪೆಟ್ಟಿಗೆಗಳ ಬದಲು ಒಂದು ದೊಡ್ಡ ಪೆಟ್ಟಿಗೆ ಇಟ್ಟವರಿಗೆ ಸಿಗೋ ಲಾಭ ಇದು.

ಮೇನ್‌ಫ್ರೇಮ್‌ನವರು 90 ದಾಟಿಸಿಯೂ ನೆಮ್ಮದಿಯಾಗಿ ಇರ್ತಾರೆ ಅಂತ ಓದಿ ನನಗೆ ಆಶ್ಚರ್ಯ ಆಯ್ತು. ಗುಟ್ಟು ಪಾಲಿನಲ್ಲಿದೆ. ಝಡ್/ವಿಎಂನಲ್ಲಿ ಪ್ರತಿ ಗೆಸ್ಟ್‌ಗೂ ಒಂದು ಶೇರ್ ಇರುತ್ತೆ, ಏನೂ ಹೇಳದಿದ್ರೆ ರಿಲೇಟಿವ್ 100. ಮೂರು ಗೆಸ್ಟ್‌ಗಳಿಗೆ 300, 100, 100 ಕೊಟ್ಟರೆ, ಮೂರೂ ಕಿತ್ತಾಡುವಾಗ ಸಿಗೋದು 60, 20, 20 ಪರ್ಸೆಂಟ್. ಕಿತ್ತಾಟ ಇಲ್ಲದಾಗ ಶೇರ್‌ಗೆ ಕೆಲಸವೇ ಇಲ್ಲ, ಬೇಕಾದವರು ಬೇಕಾದಷ್ಟು ತಗೋಬಹುದು (ಗಟ್ಟಿ ಮಿತಿ ಹಾಕಿದ್ರೆ ಬಿಟ್ಟು). ಪೇಮೆಂಟ್ ಸರ್ವರ್‌ಗೆ ದೊಡ್ಡ ಪಾಲು, ರಿಪೋರ್ಟ್ ತಯಾರಿಸೋ ಸರ್ವರ್‌ಗೆ ಸಣ್ಣ ಪಾಲು ಕೊಟ್ಟಿಟ್ಟರೆ, ಕಷ್ಟದ ಹೊತ್ತಲ್ಲಿ ರಿಪೋರ್ಟ್ ಹಿಂದೆ ಸರಿಯುತ್ತೆ. ರಿಪೋರ್ಟ್ ಅರ್ಧ ಗಂಟೆ ತಡ ಆದ್ರೆ ಯಾರೂ ಅಳಲ್ಲ. ಅಂದ್ರೆ 54 ಕೋರ್ ಬೇಕು ಅಂತ ಲೆಕ್ಕ ಬಂದ ದಿನ, ಅದರಲ್ಲಿ ಕಾಯಬಲ್ಲ ಕೆಲಸ ಎಷ್ಟು ಅಂತ ಕೇಳಬೇಕು. 20 ಕೋರ್‌ನಷ್ಟು ಕಾಯಬಲ್ಲದು ಅಂದ್ರೆ ಕೊಳ್ಳಬೇಕಾದ ಸಂಖ್ಯೆಯೇ ಬದಲಾಗುತ್ತೆ. ವರ್ಷಕ್ಕೆ ನಾಲ್ಕೇ ದಿನದ ಕಥೆ ಅಂದ್ರೆ ಇನ್ನೊಂದು ದಾರಿಯೂ ಇದೆ: ಪೆಟ್ಟಿಗೆಯೊಳಗೆ ಬೀಗ ಹಾಕಿಟ್ಟ ಕೋರ್‌ಗಳನ್ನು ಆ ದಿನಗಳ ಮಟ್ಟಿಗೆ ಬಾಡಿಗೆಗೆ ತೆರೆಸಿಕೊಳ್ಳಬಹುದು.

ಈಗ ನನ್ನ ನಾಲ್ಕು ವರ್ಚುವಲ್ ಸಿಪಿಯು ವಿಷಯ. ನನ್ನ ತಲೆ ಪೂರ್ತಿ ತಿರುಗಿಸಿದ ಭಾಗ ಇದು. ಝಡ್/ವಿಎಂನಲ್ಲಿ ಶೇರ್ ಇರೋದು ಗೆಸ್ಟ್‌ಗೆ, ಸಿಪಿಯುಗೆ ಅಲ್ಲ. ರಿಲೇಟಿವ್ 100 ಇರೋ ಗೆಸ್ಟ್‌ಗೆ 4 ವರ್ಚುವಲ್ ಸಿಪಿಯು ಕೊಟ್ಟರೆ, ಆ 100 ನಾಲ್ಕಕ್ಕೂ ಹಂಚಿ ಹೋಗುತ್ತೆ, ಒಂದೊಂದಕ್ಕೆ 25. ನಿಮ್ಮ ಪ್ರೋಗ್ರಾಂ ಒಂದೇ ಥ್ರೆಡ್‌ದು ಆಗಿದ್ರೆ ಅದು ಓಡೋದು ಆ 25ರ ಮೇಲೆ. ಪಕ್ಕದಲ್ಲಿ ಒಂದೇ ಸಿಪಿಯು ಇರೋ ಗೆಸ್ಟ್ ಪೂರ್ತಿ 100ರ ಮೇಲೆ ಓಡ್ತಿರುತ್ತೆ. ಅಂದ್ರೆ ಕಿತ್ತಾಟದ ಹೊತ್ತಲ್ಲಿ ಜಾಸ್ತಿ ಸಿಪಿಯು ಕೊಟ್ಟವನ ಕೆಲಸ ನಿಧಾನ! ಜೊತೆಗೆ ಲಾಕ್ ಸಮಸ್ಯೆ ಬೇರೆ. ಲಿನಕ್ಸ್ ಕರ್ನೆಲ್‌ನಲ್ಲಿ ಒಂದು ವರ್ಚುವಲ್ ಸಿಪಿಯು ಸ್ಪಿನ್‌ಲಾಕ್ ಹಿಡಿದಿರುವಾಗಲೇ ಹೈಪರ್‌ವೈಸರ್ ಅದನ್ನ ಕೆಳಗಿಳಿಸಿದ್ರೆ, ಉಳಿದ ಮೂರು ಬಾಗಿಲು ತಟ್ಟುತ್ತಾ ಸುಮ್ಮನೆ ಸಿಪಿಯು ಸುಡ್ತವೆ. ಮೇನ್‌ಫ್ರೇಮ್ ಲಿನಕ್ಸ್‌ನಲ್ಲಿ ಇದಕ್ಕೆ ಮದ್ದಿದೆ. ಕಾಯೋ ಸಿಪಿಯು "ನನ್ನ ಸರದಿ ಅವನಿಗೇ ಕೊಡಿ" ಅಂತ ಹೈಪರ್‌ವೈಸರ್‌ಗೆ ಹೇಳುತ್ತೆ. ಆದ್ರೂ ಎಷ್ಟು ಕಡಿಮೆ ಕೊಟ್ಟರೆ ಅಷ್ಟು ಒಳ್ಳೇದು, ಒಂದರಿಂದ ಶುರು ಮಾಡಿ ಅಳೆದು ಹೆಚ್ಚಿಸಬೇಕು ಅನ್ನೋದೇ ಅಲ್ಲಿನ ರೂಢಿ. ನಮ್ಮ ಲ್ಯಾಬ್‌ನಲ್ಲಿ ಇದ್ದದ್ದು ಝಡ್/ವಿಎಂ ಅಲ್ಲ, ಪಾಲು ಹಂಚೋ ನಿಯಮ ಬೇರೆ. ಆದ್ರೆ 16 ಕೋರ್ ಮೇಲೆ 120 ವರ್ಚುವಲ್ ಸಿಪಿಯು ಹತ್ತಿಸಿದ್ರೆ ಎಲ್ಲಾದ್ರೂ ತಳ್ಳಾಟವೇ.

ಸುಮ್ಮನೆ ಕೂತ ನೆಂಟರೂ ಖರ್ಚು ಮಾಡಿಸ್ತಾರೆ ಅನ್ನೋದು ಗೊತ್ತಾಗಿದ್ದು ಇನ್ನೊಂದು ಕಥೆಯಿಂದ. ಆಗಿನ ಲಿನಕ್ಸ್ ಕರ್ನೆಲ್ ಕೆಲಸ ಇರಲಿ ಬಿಡಲಿ ಸೆಕೆಂಡ್‌ಗೆ 100 ಸಲ ಎದ್ದು ಗಡಿಯಾರ ನೋಡ್ತಿತ್ತು. ಮನೆಯ ಪಿಸಿಯಲ್ಲಿ ಇದು ಲೆಕ್ಕಕ್ಕೇ ಇಲ್ಲ. ಮೇನ್‌ಫ್ರೇಮ್‌ನಲ್ಲಿ 500 ಗೆಸ್ಟ್ ಇದ್ರೆ ಸೆಕೆಂಡ್‌ಗೆ 50,000 ಸಲ ಹೈಪರ್‌ವೈಸರ್ ಯಾರನ್ನೋ ಎಬ್ಬಿಸಬೇಕು, ಅವರು ಕಣ್ಣುಜ್ಜಿ ಮತ್ತೆ ಮಲಗಬೇಕು. ಪ್ರೊಸೆಸರ್ ಇದರಲ್ಲೇ ಸವೆಯುತ್ತಿತ್ತು. ಕೆಲಸ ಇಲ್ಲದಾಗ ಟಿಕ್ ನಿಲ್ಲಿಸೋ ಪ್ಯಾಚನ್ನು ಮೇನ್‌ಫ್ರೇಮ್ ಲಿನಕ್ಸ್‌ನವರು ಬರೆದ್ರು. ಈಗಲೂ ಇದರ ತಮ್ಮಂದಿರು ಇದ್ದಾರೆ: ಐದು ಸೆಕೆಂಡ್‌ಗೊಮ್ಮೆ ಇಣುಕೋ ಮಾನಿಟರಿಂಗ್ ಏಜೆಂಟ್, ಎಲ್ಲ ಗೆಸ್ಟ್‌ಗಳಲ್ಲೂ ಸರಿಯಾಗಿ ಸೊನ್ನೆ ನಿಮಿಷಕ್ಕೆ ಶುರುವಾಗೋ ಕ್ರಾನ್. ಕ್ರಾನನ್ನು ಒಂದೊಂದರಲ್ಲಿ ಒಂದೊಂದು ನಿಮಿಷಕ್ಕೆ ಇಟ್ಟರೆ ಪೈಸೆ ಖರ್ಚಿಲ್ಲದೆ ಪೀಕ್ ತಗ್ಗುತ್ತೆ.

ಮೇಲೆ "ಹಳೇ ಕೋರ್ ಒಂದು ಅಂದ್ರೆ ಐಎಫ್‌ಎಲ್ ಒಂದು" ಅಂದಿದ್ದೆ. ಅದು ಸುಳ್ಳು, ಅನುಕೂಲದ ಸುಳ್ಳು. ಎಲ್ಲರಿಗೂ ಒಪ್ಪೋ ಒಂದು ಅನುಪಾತ ಇಲ್ಲ. ಡಿಸ್ಕ್ ಓದೋ ಬರೆಯೋ ಕೆಲಸ ಹೆಚ್ಚಿದ್ರೆ ಮೇನ್‌ಫ್ರೇಮ್‌ನಲ್ಲಿ ಅದನ್ನ ನೋಡ್ಕೊಳ್ಳೋಕೆ ಬೇರೆ ಪ್ರೊಸೆಸರ್‌ಗಳೇ ಇರುವುದರಿಂದ ಲಾಭ. ಬರೀ ಲೆಕ್ಕ ಗುದ್ದೋ ಕೆಲಸವಾದ್ರೆ ಅಷ್ಟು ಲಾಭ ಕಾಣದೆ ಇರಬಹುದು. 2015ರ ಝಡ್13ರಿಂದ ಐಎಫ್‌ಎಲ್ ಒಂದರಲ್ಲಿ ಎರಡು ಥ್ರೆಡ್ ಓಡಿಸಬಹುದು, ಅದರಿಂದ ಶಕ್ತಿ ಎರಡು ಪಟ್ಟು ಆಗಲ್ಲ. ಒಂದೆರಡು ಸರ್ವರ್ ಒಯ್ದು ನಿಜವಾದ ಕೆಲಸ ಓಡಿಸಿ ಅಳೆಯೋದೇ ದಾರಿ.

ಅಳೆಯೋದು ಎಲ್ಲಿಂದ ಅನ್ನೋದೂ ಮುಖ್ಯ. ಗೆಸ್ಟ್ ಒಳಗಿಂದ ನೋಡಿದ್ರೆ ಅರ್ಧ ಸತ್ಯ. ಟಾಪ್ ಕಮಾಂಡ್‌ನಲ್ಲಿ ಸಿಪಿಯು ಸಾಲಿನ ಕೊನೆಗೆ ಎಸ್‌ಟಿ ಅಂತ ಒಂದು ಸಂಖ್ಯೆ ಇರುತ್ತೆ, ನೋಡಿದ್ದೀರಾ? ನಾನು ಅದನ್ನ ಎಂದೂ ಗಮನಿಸಿರಲಿಲ್ಲ. ಅದು ಸ್ಟೀಲ್, ಕದ್ದ ಸಮಯ: "ನಾನು ಓಡೋಕೆ ರೆಡಿ ಇದ್ದೆ, ಹೈಪರ್‌ವೈಸರ್ ನನ್ನ ಸಮಯ ಬೇರೆಯವರಿಗೆ ಕೊಡ್ತು" ಅನ್ನೋ ದೂರು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದು ಯಾವಾಗಲೂ ಸೊನ್ನೆ. ನಮ್ಮ ಕಾಂಟೆಸ್ಟ್‌ನ ಆ ಹತ್ತು ನಿಮಿಷ ಯಾರಾದ್ರೂ ಅದನ್ನ ನೋಡಿದ್ದರೆ ಅಲ್ಲೇ ಗೊತ್ತಾಗ್ತಿತ್ತು. ನಮ್ಮ ಜಡ್ಜ್ ಪ್ರೋಗ್ರಾಂ ಅಳೀತಿದ್ದಿದ್ದು ಗಡಿಯಾರದ ಸಮಯ. ಕದ್ದು ಹೋದ ಸೆಕೆಂಡ್‌ಗಳನ್ನೂ ಆ ಹುಡುಗಿಯ ಖಾತೆಗೇ ಬರೆದಿತ್ತು.

ಮುಂದಿನ ತಿಂಗಳು ಮತ್ತೆ ಕಾಂಟೆಸ್ಟ್ ಇದೆ, ಮೆಷಿನ್ ಅದೇ 16 ಕೋರ್‌ದು. ಈ ಸಲ ಒಂದೊಂದಕ್ಕೆ ಒಂದೇ ವರ್ಚುವಲ್ ಸಿಪಿಯು ಕೊಟ್ಟಿದ್ದೀನಿ. ಒಂದು ಹೊತ್ತಿಗೆ 12 ಸಬ್ಮಿಷನ್ ಮಾತ್ರ ಓಡುತ್ತೆ, ಉಳಿದವು ಸಾಲಲ್ಲಿ ನಿಲ್ಲುತ್ತವೆ. ಟೈಮ್ ಲಿಮಿಟ್ ಲೆಕ್ಕ ಸಿಪಿಯು ಸಮಯದ ಮೇಲೆ, ಗಡಿಯಾರದ ಮೇಲೆ ಅಲ್ಲ. ಆ ಜೂನಿಯರ್‌ಗೆ ಇದೆಲ್ಲ ಹೇಳಿ ಸಾರಿ ಕೇಳಿದೆ. "ಪರವಾಗಿಲ್ಲ ಅಣ್ಣ, ಈ ಸಲ ಟೆಸ್ಟ್ ಮಾಡಿದ್ದೀರಾ?" ಅಂದಳು. ಇನ್ನೂ ಮಾಡಿಲ್ಲ. ಈ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಲ್ಯಾಬ್‌ನಲ್ಲಿ ಟ್ರಯಲ್. 30 ಜನ ಬೇಕು, ಯಾವ ಬ್ರಾಂಚ್ ಆದ್ರೂ ಸರಿ, ಕೋಡಿಂಗ್ ಬರಬೇಕು ಅಂತಿಲ್ಲ. ನಾನು "ಈಗ" ಅಂದ ಕೂಡಲೇ ಎಲ್ಲರೂ ಒಟ್ಟಿಗೆ ಸಬ್ಮಿಟ್ ಒತ್ತಬೇಕು, ಬೇಕಿದ್ರೆ ಎರಡೆರಡು ಸಲ. ಟೀ ಖರ್ಚು ನಂದು.